ತೊಟ್ಟಿಲಲ್ಲಿ ಮಲಗಿದ ಕ್ಯಾಮೆರಾ

ನನ್ನ ತಂಗಿ ಶೈಲಾಳ ಮಗಳು ಹುಟ್ಟಿದಾಗ ನನ್ನ ಕ್ಯಾಮೆರಾಕ್ಕಿಂತ ಹಗುರಾಗಿದ್ದಳು. ಸುಮ್ಮನೆ ಹೇಳುವ ಮಾತಲ್ಲ ಇದು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನರ್ಸ್ ಹೊರಗೆ ಬಂದು ಕೂಸಿನ ತೂಕ ಹೇಳಿದಾಗ, ಹಕ್ಕಿ ಪ್ರಾಣಿಗಳ ಫೋಟೋ ತೆಗೆಯಲು ನಾನು ಹೆಗಲಿಗೆ ಹಾಕಿಕೊಂಡು ತಿರುಗುವ ಉದ್ದ ಲೆನ್ಸಿನ ನೆನಪೇ ಮೊದಲು ಬಂತು. ಅಂಥ ಹೊತ್ತಿನಲ್ಲಿ ಅಂಥ ನೆನಪು ಬಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ನನಗೆ ಸಿಟ್ಟು ಬರುವುದೇನೂ ದೊಡ್ಡ ಸಂಗತಿಯಲ್ಲ ಅನ್ನಿ. ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ರೋಹಿಣಿ ಟೀಚರ್ ಎಂದರೆ ಮಕ್ಕಳು ಮೊದಲು ಮುಖ ನೋಡಿ ಆಮೇಲೆ ನಮಸ್ಕಾರ ಮಾಡುತ್ತಾರೆ.

ಕೂಸು ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಮಲಗಿತು. ಶೈಲಾ ಅದರ ಪಕ್ಕದಲ್ಲಿ ಕೂತೇ ಇದ್ದಳು. ಕೊನೆಗೆ ಅದು ಅಳುವುದನ್ನು ಕಲಿತು, ಹಾಲು ಕುಡಿಯುವುದನ್ನು ಕಲಿತು, ನಮ್ಮ ಮನೆಗೆ ಬಂತು. ಅದನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯವನ್ನು ಒಂದು ಮಧ್ಯಾಹ್ನಕ್ಕೆ ಗೊತ್ತುಮಾಡಿದೆವು. ತೊಟ್ಟಿಲು ಕಲಘಟಗಿಯಲ್ಲಿ ತಯಾರಾಗಿತ್ತು. ತರುವ ಕೆಲಸ ನನ್ನದು.

ಶೈಲಾ ನನಗೆ ಎರಡು ಕಟ್ಟಳೆ ಹಾಕಿದ್ದಳು. ಕೂಸು ತೊಟ್ಟಿಲಿಗೆ ಬೀಳುವವರೆಗೆ ಯಾರೂ ಅದರ ಫೋಟೋ ತೆಗೆಯಬಾರದು. ಜಿಲ್ಲೆಯ ಗುಬ್ಬಿ ಕಾಗೆಗಳ ಫೋಟೋ ಕೂಡ ಬಿಡದೆ ತೆಗೆದಿಟ್ಟ ನನ್ನ ಬಳಿ ತಂಗಿಯ ಮಗಳ ಒಂದೂ ಫೋಟೋ ಇರಲಿಲ್ಲ. ಎರಡನೆಯದು ತೊಟ್ಟಿಲಿನ ಮಾತು. ಕೆಲವು ವರ್ಷಗಳ ಹಿಂದೆ ಅವಳು ಮೊದಲ ಸಲ ಬಸುರಿಯಾದಾಗ ಮನೆಯವರು ಆತುರಪಟ್ಟು ಮುಂಚೆಯೇ ತೊಟ್ಟಿಲು ತಂದು ತೂಗುಹಾಕಿದ್ದರು. ಓಣಿಯ ಹುಡುಗರು ಆಟಕ್ಕೆಂದು ಅದನ್ನು ಖಾಲಿ ತೂಗಿದರು. ಆ ಕೂಸು ಉಳಿಯಲಿಲ್ಲ. ಖಾಲಿ ತೊಟ್ಟಿಲು ತೂಗಬಾರದೆಂದು ನಮ್ಮ ಕಡೆ ಎಲ್ಲರೂ ಹೇಳುವುದೇ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಾನು ಆಗಲೂ ಹೇಳಿದ್ದೆ, ಈ ಸಲವೂ ಬಿಡಿಸಿ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ನನಗೂ ಗೊತ್ತೈತಿ ಅಕ್ಕಾ," ಎಂದಳು. "ಆದರೂ ಖಾಲಿ ತರಬ್ಯಾಡ. ಖಾಲಿ ಬಂದ ತೊಟ್ಟಿಲಾಗ ನಾ ಕೂಸಿನ ಹಾಕಂಗಿಲ್ಲ."

ಹೂಂ ಎಂದೆ. ಗೊತ್ತಿದ್ದೂ ಹೆದರುವವರ ಮುಂದೆ ವಿಜ್ಞಾನ ಏನು ಮಾಡೀತು?

ಅದಕ್ಕೆ ನೀಲಕ್ಕ ಚಿಗವ್ವ ದಾರಿ ಹುಡುಕಿದ್ದಳು. ಚಿಗವ್ವ ನಮ್ಮ ಅವ್ವನ ತಂಗಿ, ಅವ್ವ ಹೋದ ಮೇಲೆ ನಮಗೆ ಅವಳೇ ಅವ್ವ. ಹೆಸರಿಡುವ ದಿನ ಕೂಸನ್ನು ಮಲಗಿಸುವ ಮೊದಲು ಒರಳಿನ ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ಕೂಸಿನ ಟೋಪಿಯಾದ ಕುಂಚಗಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸುವುದು ನಮ್ಮಲ್ಲಿಯ ಪದ್ಧತಿ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ಆ ಗುಂಡುಕಲ್ಲನ್ನೇ ಕಲಘಟಗಿಗೆ ಒಯ್ದು, ತೊಟ್ಟಿಲು ಮಾಡಿದ ಚಿತ್ರಗಾರರ ಮನೆಯಲ್ಲೇ ಅದರೊಳಗೆ ಹಾಕಿಕೊಂಡು ಬಂದರಾಯಿತು ಎಂದಳು ಚಿಗವ್ವ. ಅವಳೂ ನನ್ನ ಜೊತೆ ಹೊರಟಳು.

ಆ ದಿನ ಕತ್ತಲಿರುವಾಗಲೇ ನನ್ನ ಹಳೆಯ ವ್ಯಾನಿನಲ್ಲಿ ಮನೆ ಬಿಟ್ಟೆವು. ಹುಬ್ಬಳ್ಳಿ ದಾಟಿ ಕಲಘಟಗಿಯ ದಾರಿ ಹಿಡಿದಾಗ ಪೂರ್ವ ಕೆಂಪಾಯಿತು. ಯುಗಾದಿ ಹತ್ತಿರ ಬಂದಿತ್ತು. ನಮ್ಮ ಅಣ್ಣಿಗೇರಿಯ ಕಡೆ ಈ ದಿನಗಳಲ್ಲಿ ಕರಿ ಮಣ್ಣಿನ ಎರೆ ಹೊಲವೆಲ್ಲ ಕೊಯ್ಲು ಮುಗಿದು ಬೋಳು ಬೋಳಾಗಿರುತ್ತದೆ. ಇಲ್ಲಿ ಹಾಗಲ್ಲ. ಹೊಂಗೆ ಹೊಸ ಎಲೆ ಬಿಟ್ಟು ಮಿರಿಮಿರಿ ಮಿಂಚುತ್ತಿತ್ತು, ಮಾವು ಹೂವು ಉದುರಿಸಿ ಮಿಡಿ ಹಿಡಿದಿತ್ತು, ಕಬ್ಬಿನ ಗದ್ದೆಯ ಮೇಲೆ ತೆಳ್ಳಗೆ ಮಂಜು ನಿಂತಿತ್ತು. ನಾನು ಕಿಟಕಿ ಇಳಿಸಿ ಒಂದು ಕೈಯಲ್ಲಿ ಕ್ಯಾಮೆರಾ ಸವರಿದೆ.

ಚಿತ್ರಗಾರ ಹುಚ್ಚಪ್ಪನವರು ಪೂಜೆ ಮುಗಿಯುವವರೆಗೆ ತೊಟ್ಟಿಲು ಕೊಡುವವರಲ್ಲ. ಅಷ್ಟರಲ್ಲಿ ಕಾಡಿನ ಅಂಚು ನೋಡಿಬಂದರಾಯಿತೆಂದು ನಾನು ಮಾತಾಡದೆ ಕಲಘಟಗಿ ದಾಟಿಸಿ ದೇವಿಕೊಪ್ಪದ ಕಡೆ ಗಾಡಿ ಬಿಟ್ಟೆ. ಚಿಗವ್ವನಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ. ಬಸ್ ನಿಲ್ದಾಣ ಹಿಂದೆ ಹೋದದ್ದೇ ಅವಳು ತಿರುಗಿ ನನ್ನನ್ನು ನೋಡಿದಳು. ತೊಟ್ಟಿಲು ಈಗ ಮರದ ಮೇಲೆ ಬೆಳೆಯುತ್ತದೇನು ಎಂದು ಕೇಳಿದಳು. ಸ್ವಲ್ಪ ಹೊತ್ತು, ಒಂದೇ ಹಕ್ಕಿ ಎಂದೆ. ನಿನ್ನ ಒಂದು ಹಕ್ಕಿ ನನಗೆ ಗೊತ್ತಿಲ್ಲವೇನು ಎಂದು ಗೊಣಗಿ ಅವಳು ಡಬ್ಬಿ ಬಿಚ್ಚಿ ನನಗೊಂದು ಚಪಾತಿ ಸುತ್ತಿಕೊಟ್ಟಳು. ಅವಳ ಸಿಟ್ಟು ಯಾವಾಗಲೂ ಹಾಗೆ, ತಿನ್ನಲು ಏನಾದರೂ ಕೊಟ್ಟೇ ಮುಗಿಯುತ್ತದೆ.

ದೇವಿಕೊಪ್ಪದ ಹತ್ತಿರ ಮುತ್ತುಗದ ಮರಗಳು ಎಲೆಯೆಲ್ಲ ಕಳೆದುಕೊಂಡು ಬರೀ ಹೂವಾಗಿ ನಿಂತಿದ್ದವು. ಎಳೆ ಬಿಸಿಲು ಬಿದ್ದಾಗ ಕಾಡಿನ ಅಂಚಿಗೆ ಯಾರೋ ಒಲೆ ಹಚ್ಚಿಟ್ಟಂತಿತ್ತು. ಒಂದು ಮರದಲ್ಲಿ ಮೈನಾ, ಗಿಳಿ, ಸೂರಕ್ಕಿ ಎಲ್ಲ ಕೂಡಿ ಹೂವಿನ ರಸಕ್ಕೆ ಜಗಳಾಡುತ್ತಿದ್ದವು. ಸಂತೆಯ ದಿನ ನಲ್ಲಿಯ ಮುಂದೆ ನಡೆಯುವ ಜಗಳವೇ. ನಾನು ವ್ಯಾನಿನ ಬಾಗಿಲಿಗೆ ಕ್ಯಾಮೆರಾ ಆನಿಸಿ ತೆಗೆದೇ ತೆಗೆದೆ. ಆಚೆ ಬಯಲಿನಲ್ಲಿ ನವಿಲೊಂದು ಬಾಲ ಬಿಚ್ಚಿ ತಿರುಗುತ್ತಿತ್ತು. ಎದುರಿಗಿದ್ದ ಹೆಣ್ಣು ನವಿಲು ಅದರ ಕಡೆ ನೋಡದೆ ಹುಳ ಕೆದರುತ್ತಿತ್ತು. ಅದನ್ನೂ ತೆಗೆದೆ. ಚಿಗವ್ವ ಕೆಳಗಿಳಿದು ಬಿದ್ದ ಮುತ್ತುಗದ ಹೂವನ್ನು ಸೆರಗಿಗೆ ತುಂಬಿಕೊಂಡಳು. ಬಾಗಿದ ಅವಳ ಬೆನ್ನು, ಕೆಂಪು ಹೂವು, ಹಿಂದಿನ ಮಂಜು. ಅದು ಆ ದಿನದ ಒಳ್ಳೆಯ ಫೋಟೋ ಆಗಿತ್ತು. ಆಸ್ಪತ್ರೆಯ ಫಿನಾಯಿಲ್ ವಾಸನೆಯ ಇಷ್ಟು ದಿನಗಳ ನಂತರ ಹೀಗೆ ಹೊರಗೆ ನಿಂತು ಉಸಿರೆಳೆಯುವಾಗ ನನಗೆ ಸುಮ್ಮಸುಮ್ಮನೆ ಕಣ್ಣು ತುಂಬಿದವು. ಕೂಸು ಬದುಕಿದೆ, ಮನೆಯಲ್ಲಿದೆ, ನಾನು ಹಕ್ಕಿ ನೋಡುತ್ತಿದ್ದೇನೆ. ಇದಕ್ಕಿಂತ ಹೆಚ್ಚು ಇನ್ನೇನು ಕೇಳಬೇಕು ಅನ್ನಿಸಿತು.

ಕಲಘಟಗಿಗೆ ತಿರುಗಿ ಬಂದಾಗ ಹುಚ್ಚಪ್ಪನವರು ತೊಟ್ಟಿಲನ್ನು ಪಡಸಾಲೆಯಲ್ಲಿ ಇಟ್ಟು, ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಬಟ್ಟೆ ತೆಗೆದರೆ ಕೆಂಪು, ಹಳದಿ, ಹಸಿರು ಅರಗಿನ ಬಣ್ಣ ಥಳಥಳ ಹೊಳೆಯಿತು. ನಾಲ್ಕೂ ಬದಿಗೆ ಬಳ್ಳಿ, ಗಿಳಿ, ಆನೆ, ಚಿಗರಿ. ಚಿಗರಿ ಎಂದರೆ ನಮ್ಮ ಎರೆ ಹೊಲಗಳಲ್ಲಿ ಓಡಾಡುವ ಜಿಂಕೆ. ಶೈಲಾಳ ಬೇಡಿಕೆ ಅದು. ಚಿಗವ್ವ ಎರಡೂ ಕೈಯಿಂದ ದೃಷ್ಟಿ ತೆಗೆದು, ಗುಂಡುಕಲ್ಲು ತಾ ಎಂದು ನನಗೆ ಹೇಳಿದಳು. ನೀನು ತಂದಿಲ್ಲವೇನು ಎಂದೆ ನಾನು.

ಎಣ್ಣೆ ಹಚ್ಚಿ, ಹೊಸ ಬಟ್ಟೆಯಲ್ಲಿ ಸುತ್ತಿದ ಗುಂಡುಕಲ್ಲು ಅಣ್ಣಿಗೇರಿಯಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿತ್ತು. ನಾನು ಎತ್ತಿಕೊಳ್ಳುತ್ತೇನೆಂದು ಅವಳು, ಅವಳು ಎತ್ತಿಕೊಂಡಳೆಂದು ನಾನು. ಕ್ಯಾಮೆರಾ ಮರೆತೆಯೇನು ಎಂದು ಅವಳು ಕೇಳಿದಳು. ಚಪಾತಿ ಮರೆತೆಯೇನು ಎಂದು ನಾನು ಕೇಳಿದೆ. ಹುಚ್ಚಪ್ಪನವರು ಎರಡೂ ಕಡೆ ಸೇರದೆ ಮೀಸೆ ತಿರುವುತ್ತ ನಿಂತರು. ಅವರ ಮನೆಯಾಕೆ ತಮ್ಮ ಒರಳಿನ ಗುಂಡು ಕೊಡಲು ಬಂದರು. ಚಿಗವ್ವ ಬೇಡವೆಂದಳು. ನಾಳೆ ಬೆಳಿಗ್ಗೆ ಅವರು ಚಟ್ನಿ ಅರೆಯುವುದು ಯಾವುದರಲ್ಲಿ? ಇನ್ನು ರಸ್ತೆಯ ಕಲ್ಲಂತೂ ಅವಳಿಗೆ ಆಗದು. ಊರ ನಾಯಿಗಳೆಲ್ಲ ಕಾಲೆತ್ತಿದ ಕಲ್ಲನ್ನು ಕೂಸಿನ ಜಾಗದಲ್ಲಿ ಮಲಗಿಸುವುದು ಹೇಗೆ? ತೊಟ್ಟಿಲನ್ನು ನಾವು ತೂಗುವುದಿಲ್ಲ, ವ್ಯಾನಿನ ನೆಲದ ಮೇಲೆ ಇಡುತ್ತೇವೆ ಎಂದು ನಾನು ವಾದ ಹೂಡಿದೆ. ನಮ್ಮ ರಸ್ತೆಗಳನ್ನು ನೀನು ನೋಡಿದ್ದೀಯಲ್ಲ, ತೂಗುವ ಕೆಲಸ ಅವೇ ಮಾಡುತ್ತವೆ ಎಂದಳು.

ಹಾಗೆ ಹೇಳುತ್ತಿದ್ದ ಚಿಗವ್ವನ ಕಣ್ಣು ನನ್ನ ಹೆಗಲ ಮೇಲೆ ನಿಂತಿತು.

"ಊರ ಮಂದಿ ಇದಕ್ಕ ಏನಂತಾರ? ರೋಹಿಣಿ ಟೀಚರ್ ಕೂಸು ಅಂತಾರಿಲ್ಲ?" ಎಂದಳು. "ಕೊಡ ಇಲ್ಲೆ."

ಮದುವೆ ಬೇಡವೆಂದು ಕ್ಯಾಮೆರಾ ಕಟ್ಟಿಕೊಂಡವಳೆಂದು ಜನ ನನ್ನನ್ನು ಆಡಿಕೊಳ್ಳುವುದು ಹೊಸದಲ್ಲ. ಚಿಗವ್ವ ಅದನ್ನು ಆಡಿಕೊಳ್ಳಲು ಹೇಳಲಿಲ್ಲ. ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ತೂಕ ನೋಡಿದಳು. "ಹುಟ್ಟಿದಾಗ ನಮ್ಮ ಕೂಸು ಇದರಕಿಂತ ಹಗುರ ಇತ್ತು," ಎಂದಳು. ನನ್ನೊಬ್ಬಳಿಗೇ ಬಂದ ಯೋಚನೆ ಎಂದು ನಾನು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದೆ. ಅದು ಅವಳಿಗೂ ಬಂದಿತ್ತು. ನಾನು ಮತ್ತೆ ವಾದ ಮಾಡಲಿಲ್ಲ.

ವ್ಯಾನಿನ ಹಿಂದಿನ ಸೀಟು ತೆಗೆದಿದ್ದ ಜಾಗದಲ್ಲಿ ತೊಟ್ಟಿಲು ಇಟ್ಟೆವು. ಒಳಗೆ ಚಿಗವ್ವ ಹೊಲಿದ ಕೌದಿ ಹಾಸಿ ಕ್ಯಾಮೆರಾ ಮಲಗಿಸಿದೆವು. ಕಲ್ಲಿಗೆಂದು ತಂದ ಕುಂಚಗಿಯನ್ನು ಲೆನ್ಸಿನ ಬಾಯಿಗೆ ತೊಡಿಸಿ, ಕೆಳಗೆ ದಾರ ಕಟ್ಟಿ, ಸುತ್ತ ಮುತ್ತುಗದ ಹೂವು ಇಟ್ಟಳು ಚಿಗವ್ವ. ಗಲ್ಲವೆಂದು ತಿಳಿದ ಕಡೆ ಕಾಡಿಗೆಯ ಬೊಟ್ಟು ಇಡಲು ಹೋದಾಗ ಮಾತ್ರ ನಾನು ಕೈ ಹಿಡಿದೆ. ಹುಚ್ಚಪ್ಪನವರು ಇಂಥ ಉದ್ದ ಮೂಗಿನ ಕೂಸನ್ನು ತಾವು ನೋಡಿಲ್ಲ ಎಂದರು. ಚಿಗವ್ವ ಹಿಂದೆ ತೊಟ್ಟಿಲ ಪಕ್ಕ ಕೂತಳು.

ಕ್ಯಾಮೆರಾ ಕೈಯಲ್ಲಿ ಇಲ್ಲದಾಗ ಪ್ರಾಣಿ ಪಕ್ಷಿಗಳಿಗೆ ಅದು ಹೇಗೋ ಗೊತ್ತಾಗುತ್ತದೆ. ಕಲಘಟಗಿ ಬಿಟ್ಟ ಸ್ವಲ್ಪ ಹೊತ್ತಿಗೇ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳ ಜೋಡಿ ರಸ್ತೆಗೆ ಅಡ್ಡ ಹಾರಿ, ಬೋಳು ಕೊಂಬೆಯ ಮೇಲೆ ಬಿಸಿಲಿಗೆ ಮುಖ ಮಾಡಿ ಕೂತಿತು. ಬೆಳಿಗ್ಗೆ ನಾನು ಹುಡುಕಿದ್ದು ಅವನ್ನೇ. ಕೆರೆಯ ಹತ್ತಿರ ಮಿಂಚುಳ್ಳಿ ಬಾಯಲ್ಲಿ ಮೀನು ಹಿಡಿದು ತಂತಿಯ ಮೇಲೆ ಕೂತು, ನಾನು ಪಕ್ಕದಲ್ಲಿ ಗಾಡಿ ನಿಲ್ಲಿಸಿದರೂ ಹಾರಲಿಲ್ಲ. ನಾನು ಸ್ಟೇರಿಂಗಿಗೆ ಗುದ್ದಿದೆ. ಹಿಂದಿನಿಂದ ಚಿಗವ್ವ, ಸಪ್ಪಳ ಮಾಡಬೇಡ, ಕೂಸು ಏಳುತ್ತದೆ ಎಂದಳು.

ಹುಬ್ಬಳ್ಳಿಯ ಗದ್ದಲ ದಾಟಿದ ಮೇಲೆ ಲಾರಿಗಳ ಹೆದ್ದಾರಿ ಬಿಟ್ಟು ಹೊಲದ ದಾರಿ ಹಿಡಿದೆ. ಹೊತ್ತು ಏರಿತ್ತು. ಎರಡೂ ಕಡೆ ಕಣ್ಣು ಹಾಯುವವರೆಗೆ ಕರಿ ಮಣ್ಣು, ಕಡಲೆ ಕಿತ್ತ ಹೊಲ, ಅಲ್ಲೊಂದು ಇಲ್ಲೊಂದು ಬೇವು. ಹೂ ಬಿಟ್ಟ ಬೇವಿನ ವಾಸನೆ ವ್ಯಾನಿನೊಳಗೆ ತುಂಬಿತು. ಒಂದು ತಿರುವಿನಲ್ಲಿ, ರಸ್ತೆಗೆ ಬಹಳ ಹತ್ತಿರ, ಹೆಣ್ಣು ಚಿಗರಿಯೊಂದು ಒಂಟಿಯಾಗಿ ನಿಂತಿತ್ತು. ಚಿಗರಿ ವ್ಯಾನ್ ಕಂಡರೆ ನಿಲ್ಲುವ ಪ್ರಾಣಿಯಲ್ಲ, ಜಿಗಿದರೆ ಮೂರನೇ ಹೊಲದಲ್ಲಿ ಇರುತ್ತದೆ. ಇದು ಕದಲಲಿಲ್ಲ. ನಾನು ಎಂಜಿನ್ ಆರಿಸಿದೆ. ಅದರ ಕಾಲ ಬಳಿ ಒದ್ದೆಯಾದದ್ದೇನೋ ಹೊಳೆಯಿತು.

ಮರಿ. ಆಗಷ್ಟೇ ಹುಟ್ಟಿತ್ತು. ತಾಯಿ ನಾಲಿಗೆಯಿಂದ ಅದರ ಮೈ ನೆಕ್ಕುತ್ತ, ನಡುನಡುವೆ ತಲೆಯೆತ್ತಿ ನಮ್ಮನ್ನು ನೋಡುತ್ತಿತ್ತು. ಓಡಬೇಕೆಂದು ಅದರ ಕಾಲು ನಡುಗುತ್ತಿತ್ತು, ಓಡಲಿಲ್ಲ. ಇಷ್ಟು ವರ್ಷ ಈ ಹೊಲಗಳಲ್ಲಿ ಹೊತ್ತು ಮೂಡುವ ಮುಂಚೆ ಬಂದು ಹೊಟ್ಟೆಯ ಮೇಲೆ ಮಲಗಿ ಕಾದಿದ್ದೇನೆ. ಇಂಥದ್ದನ್ನು ನಾನು ನೋಡಿರಲಿಲ್ಲ, ನನಗೆ ಗೊತ್ತಿದ್ದ ಯಾರೂ ನೋಡಿರಲಿಲ್ಲ. ಕಿಸೆಯಲ್ಲಿ ಮೊಬೈಲ್ ಇತ್ತು, ಅದರಲ್ಲಿ ತೆಗೆದರೆ ಕರಿ ಮಣ್ಣಿನ ಮೇಲೆ ಒಂದು ಚುಕ್ಕೆ ಕಂಡೀತು ಅಷ್ಟೆ. ತೆಗೆಯುವ ಕ್ಯಾಮೆರಾ ನನ್ನ ಬೆನ್ನ ಹಿಂದೆ ಕುಂಚಗಿ ತೊಟ್ಟು ಮಲಗಿತ್ತು. ನನ್ನ ಬೆರಳು ತಾವಾಗಿಯೇ ಮಡಚಿ ಬಿಚ್ಚುತ್ತಿದ್ದವು.

ಮರಿ ಮುಂದಿನ ಕಾಲೂರಿ ಎದ್ದಿತು, ಮುಗ್ಗರಿಸಿತು. ಮತ್ತೆ ಎದ್ದಿತು, ಈ ಸಲ ಹಿಂದಿನ ಕಾಲು ಜಾರಿದವು. ತಾಯಿ ಮೂತಿಯಿಂದ ಮೆಲ್ಲಗೆ ದೂಡಿತು.

ಚಿಗವ್ವ ಹಿಂದಿನಿಂದ ನನ್ನ ಹೆಗಲ ಮೇಲೆ ಕೈಯಿಟ್ಟಳು. ಅವಳ ದನಿ ಬಹಳ ಸಣ್ಣಗಿತ್ತು.

"ತಗೀತಿಯೇನ? ತಗಿ. ನಾ ತೊಟ್ಟಿಲಾಗ ಕೈ ಇಡತೀನಿ. ಕೈ ಇದ್ದರ ಖಾಲಿ ಅಂತ ಆಗಂಗಿಲ್ಲ. ಶೈಲಾಗ ಹೇಳೂದೂ ಬ್ಯಾಡ."

ಬೆಳಿಗ್ಗೆ ಅಷ್ಟು ಹಟ ಹಿಡಿದವಳೇ ಹೇಳಿದ್ದು. ನಾನು ತಿರುಗಿ ನೋಡಿದೆ. ಮುತ್ತುಗದ ಹೂವಿನ ನಡುವೆ ಕ್ಯಾಮೆರಾ ಮಲಗಿತ್ತು. ಕುಂಚಗಿಯ ದಾರ ಸರಿಯಾಗಿ ಕಟ್ಟಿತ್ತು. ಬಿಚ್ಚಲು ಎಷ್ಟು ಹೊತ್ತು ಬೇಕು? ಶೈಲಾ ಕೇಳಿದರೆ, ಖಾಲಿ ತರಲಿಲ್ಲ ಎಂದು ನಾನು ಹೇಳಬಹುದು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಹೇಳುವಾಗ ಅವಳು ನನ್ನ ಮುಖ ನೋಡುತ್ತಾಳೆ. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಡಾಕ್ಟರರ ಮುಖಗಳನ್ನು ಓದಿ ಓದಿ ಪಳಗಿದ ಕಣ್ಣು ಅದು.

"ಇರಲಿ ಬಿಡ ಚಿಗವ್ವ," ಎಂದೆ. "ಮಲಗೇತಿ ಅದು."

ವಿಜ್ಞಾನದ ಟೀಚರ್ ಬಾಯಿಂದ ಬಂದ ಮಾತಿಗೆ ಚಿಗವ್ವ ನಗಲಿಲ್ಲ. ನಾವಿಬ್ಬರೂ ಕಿಟಕಿಗೆ ಗಲ್ಲ ಆನಿಸಿ ನೋಡುತ್ತ ಕೂತೆವು. ಕ್ಯಾಮೆರಾ ಕಣ್ಣಿಗಿದ್ದರೆ ನಾನು ಬೆಳಕು ನೋಡುತ್ತಿದ್ದೆ, ಚೌಕಟ್ಟು ನೋಡುತ್ತಿದ್ದೆ, ತಾಯಿಯ ಕಿವಿ ತುಂಡಾಗದಂತೆ ನೋಡುತ್ತಿದ್ದೆ. ಈಗ ಬರೀ ಮರಿ ನೋಡಿದೆ. ಅದು ಬಿತ್ತು, ಎದ್ದಿತು, ನಾಲ್ಕು ಕಾಲನ್ನೂ ನಾಲ್ಕು ಕಡೆ ಚಾಚಿ ಅಲ್ಲಾಡುತ್ತ ನಿಂತಿತು, ನಿಂತೇಬಿಟ್ಟಿತು. ತಾಯಿಯ ಹೊಟ್ಟೆಯ ಕೆಳಗೆ ಮೂತಿ ತೂರಿಸಿ, ಮೊದಲು ತಪ್ಪಿ ಕಾಲನ್ನು ಚೀಪಿ, ಆಮೇಲೆ ಮೊಲೆ ಹುಡುಕಿಕೊಂಡಿತು. ಚಿಗವ್ವ ಕೈ ಮುಗಿದಿದ್ದಳು. ನಾನೂ ಮುಗಿದೆ. ಯಾರಿಗೆ ಎಂದು ಕೇಳಿದರೆ ಹೇಳಲಾರೆ. ಆ ತಾಯಿಗೆ ಇರಬಹುದು, ಆಸ್ಪತ್ರೆಯ ಆ ನರ್ಸಿಗೆ ಇರಬಹುದು. ಬಿಟ್ಟುಹೋಗದೆ ನಿಂತ ಎಲ್ಲರಿಗೂ ಇರಬಹುದು.

ಮನೆ ಮುಟ್ಟಿದಾಗ ಹೆಂಗಸರೆಲ್ಲ ನೆರೆದಿದ್ದರು. ಕಟ್ಟೆಯ ಮೇಲೆ ಗುಂಡುಕಲ್ಲು ಎಣ್ಣೆ ಹೊಳೆಯುತ್ತ ಕೂತಿತ್ತು, ನಮ್ಮನ್ನು ನೋಡಿ ನಕ್ಕ ಹಾಗೆ. ಗಂಡಸರು ತೊಟ್ಟಿಲನ್ನು ಹಾಗೆಯೇ ಎತ್ತಿ ಒಳಗೆ ತಂದು, ಪಡಸಾಲೆಯ ತೊಲೆಗೆ ಸರಪಳಿ ಹಾಕಿ ತೂಗುಹಾಕಿದರು. ಶೈಲಾ ಕೂಸನ್ನು ಎದೆಗೊತ್ತಿಕೊಂಡು ಗೋಡೆಗೆ ಆನಿ ನಿಂತಿದ್ದಳು. ಅವಳ ಮುಖ ಬಿಳಚಿತ್ತು. ಮೊದಲು ನನ್ನ ಮುಖ ನೋಡಿದಳು, ನಾನು ಅಂದುಕೊಂಡ ಹಾಗೆಯೇ. ಆಮೇಲೆ ಮೆಲ್ಲಗೆ ಬಂದು ತೊಟ್ಟಿಲಲ್ಲಿ ಇಣುಕಿದಳು.

ಕುಂಚಗಿ ತೊಟ್ಟ ಉದ್ದ ಮೂಗಿನ ಕೂಸನ್ನು ಕಂಡು ನಕ್ಕಳು. ಹೆರಿಗೆಯ ದಿನದಿಂದ ಆ ನಗು ನಾವು ಕೇಳಿರಲಿಲ್ಲ. ಅವಳ ಜೊತೆ ಮನೆಯೆಲ್ಲ ನಕ್ಕಿತು. ಚಿಗವ್ವ ಮರೆತ ಕಲ್ಲಿನ ಕಥೆಯನ್ನೂ ಚಿಗರಿಯ ಕಥೆಯನ್ನೂ ಒಂದೇ ಉಸಿರಿಗೆ ಹೇಳಿದಳು. ತೊಟ್ಟಿಲಲ್ಲಿ ಕೈಯಿಡುತ್ತೇನೆ ಎಂದದ್ದನ್ನೂ ಬಿಡಲಿಲ್ಲ. ಶೈಲಾ ಕೇಳುತ್ತ ಕೇಳುತ್ತ ನನ್ನ ಕಡೆ ತಿರುಗಿದಳು.

ಚಿಗವ್ವ ಗುಂಡುಕಲ್ಲು ತಂದು ಕ್ಯಾಮೆರಾ ತೆಗೆಯಲು ಬಾಗಿದಳು. ಶೈಲಾ ತಡೆದಳು.

"ಕಲ್ಲ ಯಾಕ ಚಿಗವ್ವ? ದಾರಿ ತುಂಬ ಇದ ಕಾದೇತಿ."

ಕೂಸನ್ನು ಕ್ಯಾಮೆರಾದ ಪಕ್ಕಕ್ಕೇ ಇಳಿಸಿದಳು. ಒಂದು ಗಳಿಗೆ ಎರಡೂ ಒಂದೇ ಕೌದಿಯ ಮೇಲೆ ಮಲಗಿದ್ದವು. ನಮ್ಮ ಹುಡುಗಿ ಈಗ ಅದಕ್ಕಿಂತ ದಪ್ಪಗಿದ್ದಳು. ಆಮೇಲೆ ಶೈಲಾ ಕ್ಯಾಮೆರಾ ಎತ್ತಿ, ಕುಂಚಗಿ ಬಿಚ್ಚಿ ಮಗಳ ತಲೆಗೆ ತೊಡಿಸಿ, ಕ್ಯಾಮೆರಾವನ್ನು ನನ್ನ ಕೈಗಿಟ್ಟಳು.

"ಈಗ ತಗಿ ಅಕ್ಕಾ."

ಕಣ್ಣಿಗೆ ಇಟ್ಟುಕೊಂಡರೆ ಏನೂ ಕಾಣಲಿಲ್ಲ. ಬರೀ ಮಸಕು. ದೂರದ ಚಿಗರಿಯನ್ನು ಹತ್ತಿರ ತರುವ ಲೆನ್ಸಿಗೆ ಮೊಳದಷ್ಟು ದೂರದಲ್ಲಿ ಇರುವ ಕೂಸು ಕಾಣುವುದಿಲ್ಲ. ಯಾರೋ ಮೊಬೈಲ್ ಚಾಚಿದರು. ಶೈಲಾ ತಲೆಯಲ್ಲಾಡಿಸಿದಳು, ಇದರಲ್ಲೇ ಆಗಬೇಕು. ನಾನು ಹಿಂದೆ ಹಿಂದೆ ಸರಿದೆ. ಹೆಂಗಸರು ದಾರಿ ಬಿಟ್ಟರು. ಪಡಸಾಲೆ ದಾಟಿದೆ, ಹೊಸ್ತಿಲು ದಾಟಿದೆ, ಕಟ್ಟೆಯಿಂದ ಇಳಿದು ಓಣಿಯ ನಡುವೆ ನಿಂತೆ. ಸೈಕಲ್ಲಿನವನೊಬ್ಬ ಇಳಿದು ಪಕ್ಕಕ್ಕೆ ನಿಂತ. ಅಲ್ಲಿಂದ ಬಾಗಿಲೊಳಗೆ ನೋಡಿದರೆ ಮೊದಲು ತೊಟ್ಟಿಲ ಮೇಲಿನ ಚಿಗರಿ ಕಂಡಿತು, ಅದರ ಮೇಲೆ ನಮ್ಮ ಹುಡುಗಿಯ ಮುಖ. ಆಕಳಿಸುತ್ತಿದ್ದಳು.

ಗುಂಡಿ ಒತ್ತಬೇಕು ಎನ್ನುವಾಗ ಶೈಲಾಳ ಕೈ ತೊಟ್ಟಿಲ ಅಂಚಿಗೆ ಬಂತು. ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ತೂಗಿತು.

ತೊಟ್ಟಿಲು ಹೋಗಿ ಬಂದಂತೆ ಕೂಸಿನ ಮುಖ ಸ್ಪಷ್ಟವಾಗುತ್ತಿತ್ತು, ಮಸಕಾಗುತ್ತಿತ್ತು. ಬೇರೆ ದಿನವಾದರೆ, ಅಲುಗಾಡಿಸಬೇಡಿ ಎಂದು ಓಣಿಯಿಂದಲೇ ರೇಗುತ್ತಿದ್ದೆ. ಅವಳು ತೂಗುತ್ತಿದ್ದ ಹಾಗೆಯೇ ಒತ್ತಿದೆ. ಫೋಟೋ ಅಲುಗಿ ಬಂದಿದೆ. ಅದನ್ನೇ ದೊಡ್ಡದು ಮಾಡಿಸಿ ಪಡಸಾಲೆಯ ಗೋಡೆಗೆ ಹಾಕಿದ್ದೇವೆ.